ಹುಲಿಯ ಊಟದ ಕರಡು ತಿದ್ದಿದ್ದು

ಎಷ್ಟೇ ಬಲಶಾಲಿಯಾದರೂ ಅವನ ಅಳಿವು ಉಳಿವು ಕೊನೆಗೆ ಬಂದು ನಿಲ್ಲುವುದು ಊಟದ ಮೇಲೆ. ರಾಜ್ಯಗಳು ಬಿದ್ದದ್ದು, ದಂಡುಗಳು ಅರ್ಧ ದಾರಿಯಲ್ಲಿ ಹಿಂದಿರುಗಿದ್ದು, ವಂಶಗಳು ನಿಂತುಹೋದದ್ದು, ಇವೆಲ್ಲದರ ಮೂಲದಲ್ಲಿ ಒಂದು ಖಾಲಿ ತಟ್ಟೆ ಇದ್ದೇ ಇರುತ್ತದೆ. ಈ ಗಹನವಾದ ತತ್ತ್ವ ನನಗೆ ಹೊಳೆದದ್ದು ಬಸವೇಶ್ವರನಗರದ ನಮ್ಮ ಮನೆಯ ತಾರಸಿಯ ಮೇಲೆ, ಒಣಹಾಕಿದ್ದ ಎರಡು ಸೀರೆಗಳ ನಡುವಿನಿಂದ ನಮ್ಮ ಬಾಡಿಗೆಯ ಹುಡುಗಿ ಅಂಬೆಗಾಲಿಟ್ಟುಕೊಂಡು ಬರುತ್ತಿದ್ದುದನ್ನು ಕಂಡಾಗ.

ಅವಳು ಮೇಲಿನ ಮನೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಹಾವೇರಿ ಕಡೆಯವಳು. ಏನು ಕೆಲಸವಮ್ಮ ಎಂದದ್ದಕ್ಕೆ "ರಿಸರ್ಚ್ ರೀ" ಎಂದಷ್ಟೇ ಹೇಳಿದ್ದಳು. ನಮ್ಮ ಬೀದಿಯಲ್ಲಿ ಬಾಡಿಗೆಗೆ ಬಂದವರನ್ನು ಮೊದಲು ಕೇಳುವ ಪ್ರಶ್ನೆ ಬೇರೆ ಇದೆ: ನೀವು ಏನು ತಿಂತೀರಿ ಅಂತ. ನಾನಾಗಲಿ ನನ್ನ ಹೆಂಡತಿಯಾಗಲಿ ಅದನ್ನು ಕೇಳುವುದಿಲ್ಲ. ಇನ್ನೊಬ್ಬರ ತಟ್ಟೆಯಲ್ಲಿ ಇಣುಕುವುದು ಅಸಭ್ಯವೆಂದು ನಮ್ಮ ಅಭಿಪ್ರಾಯ. ಆ ಹುಡುಗಿಯ ಇಡೀ ವೃತ್ತಿಯೇ ಇನ್ನೊಬ್ಬರ ತಟ್ಟೆಯಲ್ಲಿ ಇಣುಕುವುದೆಂದು ನಮಗೆ ಆಗ ತಿಳಿದಿರಲಿಲ್ಲ.

ನನಗಿಂತ ಮೊದಲು ಅವಳನ್ನು ಕಂಡವರು ಎದುರು ಮನೆಯವರು. ಅವರು ಬಸ್ ಡಿಪೋದ ಮ್ಯಾನೇಜರಾಗಿ ನಿವೃತ್ತರಾದವರು. ಬೀದಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹೊರಟರು, ಎಷ್ಟು ಹೊತ್ತಿಗೆ ಬಂದರು ಎಂಬ ಚಿಂತೆ ಅವರನ್ನು ಇನ್ನೂ ಬಿಟ್ಟಿಲ್ಲ. ತಮ್ಮ ತಾರಸಿಯ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಲೇ ನನ್ನನ್ನು ಕೂಗಿದರು.

"ಸಾರ್, ನಿಮ್ಮ ಹುಡುಗಿ ಓಲೆಗೀಲೆ ಬೀಳಿಸ್ಕೊಂಡಿರ್ಬೇಕು. ಆಗ್ಲಿಂದ ನೆಲ ಹುಡುಕ್ತಾ ಇದಾಳೆ. ಸ್ವಲ್ಪ ನೋಡಿ."

ಹತ್ತಿ ಹೋಗಿ ನೋಡಿದೆ. ನೀರಿನ ಟ್ಯಾಂಕಿನ ಪೈಪಿಗೆ ಮೊಣಕಾಲೆತ್ತರದಲ್ಲಿ ಹಸಿರು ಡಬ್ಬಿಯೊಂದನ್ನು ಪಟ್ಟಿಯಿಂದ ಬಿಗಿದಿದ್ದಳು. ಅದರ ಮುಂದೆ ಅತ್ತಿಂದಿತ್ತ ಅಂಬೆಗಾಲಿನಲ್ಲಿ ಓಡಾಡುತ್ತಿದ್ದಳು.

"ಏನಮ್ಮ, ಏನ್ ಕಳ್ಕೊಂಡೆ?"

"ಏನೂ ಇಲ್ರಿ ಕಾಕಾ. ಈಗ ಕಾಡುಹಂದಿ ಆಗೇನ್ರಿ. ಸ್ವಲ್ಪ ಬಾಜೂಕ ಸರೀರಿ, ನೀವು ಫೋಟೋದಾಗ ಬರ್ತೀರಿ."

ಅದು ಕ್ಯಾಮೆರಾ ಟ್ರ್ಯಾಪ್. ಕಾಡಿನ ದಾರಿಯ ಪಕ್ಕದ ಮರಕ್ಕೆ ಕಟ್ಟಿ ಬಂದರೆ, ಮುಂದೆ ಬಿಸಿಮೈಯ ಪ್ರಾಣಿ ಯಾವುದು ಹಾದರೂ ತಾನೇ ಫೋಟೋ ತೆಗೆದುಕೊಳ್ಳುತ್ತದೆ. ಕಾಡಿಗೆ ಒಯ್ಯುವ ಮುಂಚೆ ಅದು ಎಷ್ಟು ಎತ್ತರದ ಪ್ರಾಣಿಗೆ ಎಚ್ಚರವಾಗುತ್ತದೆ ಎಂದು ಪರೀಕ್ಷೆ ಮಾಡಬೇಕು. ಪರೀಕ್ಷೆಗೆ ಪ್ರಾಣಿ ಬೇಕು. ಬಸವೇಶ್ವರನಗರದಲ್ಲಿ ಕಾಡುಹಂದಿ ಇಲ್ಲವಾದ್ದರಿಂದ ಆ ಹುದ್ದೆಯನ್ನು ಅವಳೇ ತಾತ್ಕಾಲಿಕವಾಗಿ ವಹಿಸಿಕೊಂಡಿದ್ದಳು.

"ಹುಲಿ ಲೆಕ್ಕ ಹಾಕ್ತೀಯೇನಮ್ಮ?" ಎಂದೆ ಗೌರವದಿಂದ.

"ಹುಲಿ ಲೆಕ್ಕ ಎಲ್ಲಾರೂ ಹಾಕ್ತಾರ್ರಿ. ನಾ ಹುಲಿ ಊಟದ ಲೆಕ್ಕ ಹಾಕ್ತೀನ್ರಿ. ಜಿಂಕಿ, ಕಡವಿ, ಕಾಟಿ, ಹಂದಿ. ಇವು ಎಲ್ಲಿ ಅದಾವು, ಎಲ್ಲಿ ಕಡಿಮಿ ಆಗ್ಯಾವು. ಊಟ ಇಲ್ಲದ ಕಾಡಿನಾಗ ಹುಲಿ ಇದ್ದೇನ್ ಮಾಡ್ತೈತ್ರಿ?" ಅಷ್ಟು ಹೇಳಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು. "ಕಾಕಾ, ನೀವ್ ಒಂದ್ಸಲ ಕಾಟಿ ಆಗ್ತೀರೇನ್ರಿ? ನನ್ನ ಅಳತಿಗೆ ಕಾಟಿ ಬರಂಗಿಲ್ಲ."

ಕಾಟಿ ಎಂದರೆ ಕಾಡೆಮ್ಮೆ. ಜೀವಮಾನದಲ್ಲಿ ನನ್ನ ಮೈಕಟ್ಟನ್ನು ಯಾರೂ ಇಷ್ಟು ಮುಕ್ತವಾಗಿ ಹೊಗಳಿರಲಿಲ್ಲ. ಲುಂಗಿ ಎತ್ತಿಕಟ್ಟಿ ಕಾಡೆಮ್ಮೆಗೆ ತಕ್ಕ ಗಾಂಭೀರ್ಯದಿಂದ ಟ್ಯಾಂಕಿನ ಮುಂದೆ ಹಾದೆ. ಎದುರು ತಾರಸಿಯಲ್ಲಿ ನೀರು ಕುಂಡ ತುಂಬಿ ಹೊರಗೆ ಹರಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಕ್ಯಾಮೆರಾಗಳು ಕಾಡಿಗೆ ಹೋದವು. ಮಳೆಗೆ ಮುಂಚೆ ವಾಪಸು ಬಂದವು. ಅವುಗಳ ಹೊಟ್ಟೆಯಲ್ಲಿದ್ದ ಫೋಟೋಗಳಿಗೆ ಕೊನೆ ಮೊದಲಿರಲಿಲ್ಲ. ಒಂದೊಂದನ್ನೂ ತೆರೆದು ಯಾವ ಪ್ರಾಣಿ, ಎಷ್ಟು ಎಂದು ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು. ಆ ಕೆಲಸಕ್ಕೆ ಜ್ಞಾನಭಾರತಿಯ ಇಬ್ಬರು ವಿದ್ಯಾರ್ಥಿಗಳು ಬರುತ್ತಿದ್ದರು. ಪರೀಕ್ಷೆ ಬಂತು, ಇಬ್ಬರೂ ಬಿಟ್ಟುಹೋದರು. ಆ ಸಂಜೆ ಹುಡುಗಿ ಕೆಳಗೆ ಬಂದು ನಮ್ಮ ಹಾಲಿನ ಸೋಫಾದ ತುದಿಯಲ್ಲಿ ಕುಳಿತಳು. ನನ್ನ ಹೆಂಡತಿಯನ್ನು ಅವಳು ಚಿಗವ್ವ ಎನ್ನುತ್ತಿದ್ದಳು, ನಾವು ಚಿಕ್ಕಮ್ಮ ಅನ್ನುವ ಹಾಗೆ.

"ಗಣೇಶನ ಹಬ್ಬಕ್ಕ ಇದನ್ನ ಗೈಡಿಗೆ ಕೊಡಬೇಕ್ರಿ ಚಿಗವ್ವ. ಆಫೀಸಿನಾಗ ಇರೂದು ಒಂದ ಸೆಟ್ ಕ್ಯಾಮೆರಾ. ಮೊದಲಿನ ಕೆಲಸ ಶುದ್ಧ ಮಾಡಿ ಕೊಟ್ಟವ್ರಿಗೆ ಮುಂದಿನ ಸರ್ತಿ ಕ್ಯಾಮೆರಾ. ನಾ ಕೊಡಲಿಲ್ಲಂದ್ರ ನೀರುನಾಯಿಯವ್ರಿಗೆ ಹೋಗ್ತಾವ್ರಿ."

ನೀರುನಾಯಿಯವರು ಎಂದರೆ ನೀರುನಾಯಿಯ ಮೇಲೆ ಸಂಶೋಧನೆ ಮಾಡುವ ಇನ್ನೊಬ್ಬ ವಿದ್ಯಾರ್ಥಿ. ಅವನೂ ಅದೇ ಸೆಟ್ಟಿಗೆ ಕಾದು ಕುಳಿತಿದ್ದ. ಇವಳಿಗೆ ಬೇಸಿಗೆಯ ಚಿತ್ರಗಳು ಸಿಕ್ಕಿದ್ದವು. ಮಳೆ ನಿಂತ ಮೇಲೆ ಅದೇ ಜಾಗದ ಚಿತ್ರಗಳೂ ಸಿಕ್ಕರೆ ಮಾತ್ರ ಪ್ರಾಣಿಗಳು ಯಾವ ಕಾಲದಲ್ಲಿ ಎಲ್ಲಿರುತ್ತವೆಂದು ಹೋಲಿಸಬಹುದು. ಸಿಗದಿದ್ದರೆ ಅವಳ ಕೈಯಲ್ಲಿ ಉಳಿಯುವುದು ಒಂದೇ ತಟ್ಟೆಯ ತಕ್ಕಡಿ.

"ನೀರುನಾಯಿ ಏನ್ ತಿನ್ನುತ್ತೆ?" ಎಂದಳು ನನ್ನ ಹೆಂಡತಿ.

"ಮೀನ್ರಿ."

"ಮೀನು ತಿನ್ನೋದಕ್ಕೆ ಫೋಟೋ ಬೇರೆ ಕೇಡು."

ನನ್ನ ಹೆಂಡತಿ ಅಲ್ಲಿಯವರೆಗೆ ನೀರುನಾಯಿಯನ್ನು ಕಂಡವಳಲ್ಲ. ಆ ಕ್ಷಣದಿಂದ ಆ ಪ್ರಾಣಿಯನ್ನು ಅವಳು ಕ್ಷಮಿಸಿಲ್ಲ. ಕೆಲಸವನ್ನು ನಾವಿಬ್ಬರೂ ಒಪ್ಪಿಕೊಂಡೆವು.

ಹುಡುಗಿ ನಮಗೆ ಪಾಠ ಮಾಡಿದಳು. ಜಿಂಕೆ ಸುಲಭ, ಚುಕ್ಕೆ ಇರುತ್ತದೆ. ಕಡವೆ ದೊಡ್ಡದು, ಚುಕ್ಕೆ ಇಲ್ಲ. ಕಷ್ಟವಿದ್ದದ್ದು ಕಾಡುಕುರಿ ಮತ್ತು ಕೊಂಡುಕುರಿಗಳಲ್ಲಿ. ಎರಡೂ ಕುರಿಯಲ್ಲ, ಎರಡೂ ಚಿಕ್ಕವು, ಎರಡೂ ಕ್ಯಾಮೆರಾಕ್ಕೆ ಬೆನ್ನು ತೋರಿಸುವುದರಲ್ಲಿ ನಿಷ್ಣಾತರು. ಮುಖದ ಮೇಲೆ ಕಪ್ಪು ಗೆರೆಯಿದ್ದರೆ ಕಾಡುಕುರಿ. ಮುಂಗಾಲಿನ ಮೇಲೆ ಕಪ್ಪು ಗೆರೆ ಇಳಿದಿದ್ದರೆ ಕೊಂಡುಕುರಿ. ಮುಖವೂ ಮುಂಗಾಲೂ ಪೊದೆಯಲ್ಲಿದ್ದರೆ ದೇವರೇ ಗತಿ. ಅಂಥವಕ್ಕೆಂದೇ ಕಂಪ್ಯೂಟರಿನಲ್ಲಿದ್ದ ಪ್ರಾಣಿಗಳ ಪಟ್ಟಿಯ ಕೊನೆಯಲ್ಲಿ 'ಗೊತ್ತಾಗುವುದಿಲ್ಲ' ಎಂಬ ಒಂದು ಮನೆ ಇತ್ತು. ಅದರ ಮೇಲೆ 'ಇತರೆ' ಎಂಬ ಮನೆ. ಹುಲಿಯ ಊಟಕ್ಕೆ ಸಂಬಂಧಪಡದವರೆಲ್ಲ ಅಲ್ಲಿಗೆ.

"ಒಂದೊಂದು ಫೋಟೋನೂ ಇಬ್ರು ನೋಡಬೇಕ್ರಿ. ಬ್ಯಾರೆ ಬ್ಯಾರೆ ಕುಂದ್ರಬೇಕ್ರಿ," ಎಂದಳು. "ಇಬ್ರದೂ ಆದಮ್ಯಾಲೆ ನಾ ತಾಳೆ ನೋಡ್ತೀನಿ."

ಇಬ್ಬರು ನೋಡುವ ಕೆಲಸ ನನಗೆ ಹೊಸದಲ್ಲ. ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿಕೊಂಡೇ ಕೂದಲು ಹಣ್ಣು ಮಾಡಿಕೊಂಡವನು. ಪಠ್ಯಪುಸ್ತಕ, ಪಂಚಾಂಗ, ಲಗ್ನಪತ್ರಿಕೆ ಯಾವುದೇ ಇರಲಿ, ಕರಡು ತಿದ್ದುವವರು ಇಬ್ಬರು. ಒಬ್ಬ ಮೂಲವನ್ನು ಹಿಡಿದು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಕೇಳಿಕೊಳ್ಳುತ್ತಾ ಕರಡಿನಲ್ಲಿ ಗುರುತು ಹಾಕುತ್ತಾನೆ. ಅಲ್ಪವಿರಾಮವನ್ನೂ ಓದಬೇಕು. ಕೊನೆಗೆ ಇಬ್ಬರದೂ ಒಂದೇ ಆಗಿರಬೇಕು. ಒಂದಾಗದಿದ್ದರೆ ಫೋರ್‌ಮನ್ ಇಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದರು. ಹೀಗಾಗಿ ಹುಡುಗಿ ಇಬ್ಬರು ಎಂದ ಕೂಡಲೇ ನನಗೆ ಪೂರ್ತಿ ಅರ್ಥವಾಯಿತು. ಆಮೇಲೆ ಅವಳು ಹೇಳಿದ್ದಕ್ಕೆಲ್ಲ ನಾನು ಬರಿದೇ ತಲೆಯಾಡಿಸಿದೆ.

ನನ್ನ ಹೆಂಡತಿಯೂ ಇದಕ್ಕೆ ಹೇಳಿ ಮಾಡಿಸಿದವಳೇ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಕಿವಿಗೆ ಬಿದ್ದದ್ದನ್ನು ಅವಳ ಕೈ ತಾನಾಗಿ ಸರಿಯಾದ ತೂತಿಗೆ ಸಿಕ್ಕಿಸುತ್ತದೆ. ಅದಕ್ಕೆ ಕಣ್ಣಿನ ಸಹಾಯವಾಗಲಿ ಮನಸ್ಸಿನ ಸಹಾಯವಾಗಲಿ ಬೇಕಾಗುವುದಿಲ್ಲ.

ಹುಡುಗಿ ಹೇಳಿದಂತೆ ಬೇರೆ ಬೇರೆಯೇ ಕುಳಿತೆವು. ನಾನು ಹಾಲಿನಲ್ಲಿ ಕಂಪ್ಯೂಟರಿನ ಮುಂದೆ, ಅವಳು ಅಡಿಗೆಮನೆಯಲ್ಲಿ ಹುರುಳಿಕಾಯಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು. ನಾನು ಓದಿದೆ.

"ಕಡವೆ, ಹೆಣ್ಣು, ಒಂದು."

"ಹೂಂ."

"ಖಾಲಿ. ಖಾಲಿ. ಖಾಲಿ. ಕಾಡುಹಂದಿ, ಮರಿಗಳ ಸಮೇತ."

"ಎಷ್ಟು ಮರಿ ಹೇಳ್ರೀ. ಸಮೇತ ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ."

ಕಾಡೆಂದರೆ ಹುಲಿ, ಆನೆ ಎಂದುಕೊಂಡಿದ್ದವನು ನಾನು. ಕಾಡೆಂದರೆ ಮುಖ್ಯವಾಗಿ ಹುಲ್ಲು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೂ ಕ್ಯಾಮೆರಾ ಕಣ್ಣು ಬಿಟ್ಟು ಫೋಟೋ ಹೊಡೆಯುತ್ತದೆ. ಖಾಲಿ ಖಾಲಿ ಎಂದು ಓದಿ ಓದಿ ನನ್ನ ಗಂಟಲಲ್ಲಿ ಒಂದು ಬಗೆಯ ವೈರಾಗ್ಯ ಕೂತಿತು. ನಡುವೆ ಮುಸುವವೊಂದು ಪಾಸ್‌ಪೋರ್ಟಿಗೆ ಬೇಕಾದಷ್ಟು ನೇರವಾಗಿ ಲೆನ್ಸಿನೊಳಗೇ ನೋಡುತ್ತಿತ್ತು. ಜಿಂಕೆಗಳು ಮದುವೆಮನೆಯ ಫೋಟೋದ ಹಾಗೆ ಒಂದರ ಹಿಂದೆ ಒಂದು ತುರುಕಿಕೊಂಡು, ಯಾರ ಕಿವಿ ಯಾರದೆಂದು ತಿಳಿಯದಂತೆ ನಿಂತಿರುತ್ತಿದ್ದವು.

ಒಂದು ಬೆಳಿಗ್ಗೆ ಹುಲಿ ಬಂತು. ನಾನು ಓದುವುದನ್ನು ಮರೆತೆ. ದನಿ ನಿಂತದ್ದಕ್ಕೆ ಗಾಬರಿಯಾಗಿ ನನ್ನ ಹೆಂಡತಿ ಕೈ ಒರೆಸಿಕೊಂಡು ಓಡಿಬಂದಳು. ಇಬ್ಬರೂ ಪರದೆಯ ಹತ್ತಿರ ಬಗ್ಗಿ ನೋಡಿದೆವು. ಸಂಜೆ ಹುಡುಗಿಗೆ ಸುದ್ದಿಯನ್ನು ತಕ್ಕ ಪೀಠಿಕೆಯೊಡನೆ ತಿಳಿಸಿದೆ.

"ಹೌದೇನ್ರಿ? ಇತರೆದಾಗ ಹಾಕಿಬಿಡ್ರಿ ಕಾಕಾ."

"ಹುಲಿ ಕಣಮ್ಮ!"

"ಅದನ್ನ ನೋಡಾಕ ಬ್ಯಾರೆ ಮಂದಿ ಅದಾರ್ರಿ. ನಮ್ಮದು ಜಿಂಕಿ."

ಹುಲಿ ಇತರೆಗೆ ಹೋಯಿತು. ಅಲ್ಲಿ ಅದಕ್ಕೆ ಮೊದಲು ಒಂದು ಮುಂಗುಸಿ, ಅದರ ನಂತರ ಫಾರೆಸ್ಟ್ ವಾಚರೊಬ್ಬರ ಛತ್ರಿ.

ಕೆಲಸ ಕುದುರಿದಂತೆ ನನ್ನ ಹೆಂಡತಿ ಕೇಳಿಸಿಕೊಳ್ಳುವುದರಿಂದ ಮುಂದುವರಿದು ತಿದ್ದತೊಡಗಿದಳು. "ಹಿಂದಿನ ಫೋಟೋದಲ್ಲಿ ಜಿಂಕೆ ಐದು ಅಂದ್ರಿ. ಈಗ ನಾಲ್ಕು ಅಂತೀರಿ. ಒಂದೆಲ್ಲಿ ಹೋಯ್ತು?" ಎಂದು ಒಳಗಿಂದ ಗದರುವಳು. ಹಿಂದಿನ ಪುಟದಲ್ಲಿ ಒಂದು, ಮುಂದಿನ ಪುಟದಲ್ಲಿ ಒಂದು ಇರಕೂಡದೆಂಬುದು ಅಚ್ಚಿನ ಕೆಲಸದ ಮೊದಲ ಪಾಠ. ನಾನು ಮತ್ತೆ ನೋಡಿದರೆ ಪೊದೆಯ ಹಿಂದೆ ಏನೋ ಕಂದಾಗಿ ಕಾಣುವುದು. "ಇದೆ ಇದೆ, ಐದು," ಎನ್ನುವೆ. ಹೀಗೆ ನಾವು ಆ ಕಾಡಿನ ಜಿಂಕೆಗಳಿಗೆ ಶಿಸ್ತು ಕಲಿಸಿದೆವು.

ಹಬ್ಬಕ್ಕೆ ಸಾಕಷ್ಟು ಸಮಯ ಇರುವಾಗಲೇ ಮುಗಿಸಿದೆವು. ಹುಡುಗಿ ಇಬ್ಬರ ಕೆಲಸವನ್ನೂ ಕಂಪ್ಯೂಟರಿಗೆ ಹಾಕಿ ತಾಳೆ ನೋಡಿದಾಗ ನೂರಕ್ಕೆ ನೂರು ಬಂತು. ಒಂದೇ ಒಂದು ಕಡೆಯೂ ವ್ಯತ್ಯಾಸವಿಲ್ಲ. ಅಚ್ಚುಕೂಟದಲ್ಲಿ ಇಂಥ ಕರಡನ್ನು ಒಮ್ಮೆಯೂ ಕಂಡಿರಲಿಲ್ಲ. ಹುಡುಗಿ ಮಾತ್ರ ಪರದೆಯನ್ನೇ ನೋಡುತ್ತಾ "ನೂರಕ್ಕ ನೂರು?" ಎಂದು ಎರಡು ಸಲ ಹೇಳಿ ಮೇಲೆ ಹೋದಳು. ನಾನು ಅದನ್ನು ಆನಂದದ ಉದ್ಗಾರವೆಂದು ತಿಳಿದು ಎದುರು ಮನೆಯವರಿಗೆ ಹೇಳಲು ಹೋದೆ.

"ನಿಮ್ಮಿಬ್ಬರದೂ ಒಂದೇ ಬಂತಾ?" ಎಂದರು ಅವರು. "ನಾನೂ ನಮ್ಮ ಮನೆಯವಳೂ ಟೈಮ್ ಎಷ್ಟು ಅಂದ್ರೂ ಎರಡು ಥರ ಹೇಳ್ತೀವಿ ಸಾರ್."

ಮಾರನೆಯ ದಿನ ಹುಡುಗಿ ಆಫೀಸಿಗೆ ಹೋದಳು. ಮಧ್ಯಾಹ್ನವೇ ತಿರುಗಿ ಬಂದಳು. ಚಪ್ಪಲಿ ಬಿಡದೆ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕುಳಿತಳು. ನನ್ನ ಹೆಂಡತಿ ಕೋಡುಬಳೆಯ ಡಬ್ಬಿ ತಂದು ಪಕ್ಕದಲ್ಲಿಟ್ಟಳು.

"ಕಾಕಾ, ನೀವು ಬ್ಯಾರೆ ಬ್ಯಾರೆ ಕುಂತ್ರಿ ಹೌದಲ್ಲ?"

"ಹೌದಮ್ಮ. ನಾನು ಹಾಲು, ಇವಳು ಅಡಿಗೆಮನೆ."

"ಏನೂ ಮಾತಾಡ್ಲಿಲ್ಲಲ್ಲ?"

"ಕೆಲಸದ ಹೊತ್ತಲ್ಲಿ ಮಾತೇ? ಒಂದು ಮಾತೂ ಇಲ್ಲ. ಬರೀ ಓದಿದ್ದು."

"ಓದಿದ್ದು?"

"ಗಟ್ಟಿಯಾಗಿ. ಅಡಿಗೆಮನೆಗೆ ಕೇಳಬೇಕಲ್ಲ."

ಹುಡುಗಿ ಕೋಡುಬಳೆಯೊಂದನ್ನು ಕೈಯಲ್ಲಿ ಹಿಡಿದು, ಅದರ ತೂತಿನೊಳಗಿಂದ ಬೀದಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಇಬ್ಬರು ನೋಡುವುದು ಒಂದಾಗಲೆಂದು ಅಲ್ಲವೇ ಅಲ್ಲ. ಎಲ್ಲಿ ಎರಡಾಗುತ್ತದೆಂದು ತಿಳಿಯಲು. ಒಬ್ಬರ ಕಣ್ಣು ಎಲ್ಲಿ ತಪ್ಪುತ್ತದೆಂದು ಇನ್ನೊಬ್ಬರ ಕಣ್ಣು ತೋರಿಸಬೇಕು. ಆ ತಪ್ಪಿನ ಪ್ರಮಾಣ ಗೊತ್ತಾದರೆ ಮಾತ್ರ ಲೆಕ್ಕವನ್ನು ನಂಬಬಹುದು. ಎರಡೂ ಒಂದೇ ಎಂದರೆ ನೋಡಿದವರು ಒಬ್ಬರೇ ಎಂದು ಅರ್ಥ. ಗೈಡಿಗೆ ನೂರಕ್ಕೆ ನೂರು ಕಂಡ ಕೂಡಲೇ ಅನುಮಾನ ಬಂದು ಒಂದು ಫೋಟೋ ತೆರೆಸಿ ನೋಡಿದರಂತೆ. ಅದರಲ್ಲಿದ್ದದ್ದು ಕ್ಯಾಮೆರಾಕ್ಕೆ ಒತ್ತಿಕೊಂಡು ನಿಂತ ಆನೆಯ ಕಾಲು.

"ಎರಡು ಕಾಲ್ರಿ ಕಾಕಾ. ಇಬ್ರೂ 'ಕಾಟಿ, ಎರಡು' ಅಂತ ಬರ್ದೀರಿ."

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. "ಆನೇನ ಕಾಟಿ ಅಂತ ಓದಿದ್ರಾ?"

"ನೀನು ನೋಡಬೇಕಿತ್ತಲ್ಲೇ."

"ನಾನು ಹುರುಳಿಕಾಯಿ ನೋಡ್ತಿದ್ದೆ ಕಣ್ರೀ. ನೀವು ಓದ್ತಿದ್ರಲ್ಲ!"

"ಈಗೇನಮ್ಮ ಮಾಡೋದು?" ಎಂದು ಕೇಳಿದೆ.

"ಎಲ್ಲಾ ಹೊಸದಾಗಿ ಮಾಡಬೇಕಂತ್ರಿ. ಕೊಡೂ ದಿನಾ ಮಾತ್ರ ಬದಲಾಗಂಗಿಲ್ರಿ. ಗಣೇಶನ ಹಬ್ಬ." ಅಷ್ಟು ಹೇಳಿ ಕೋಡುಬಳೆಯನ್ನು ಮುರಿದಳು. "ನೀರುನಾಯಿಯವ ಇವತ್ತ ಆಫೀಸಿಗೆ ಬಂದು ಕ್ಯಾಮೆರಾ ಬ್ಯಾಟರಿ ಎಷ್ಟು ದಿನಾ ಬರ್ತಾವ ಅಂತ ಕೇಳಿ ಹೋದ್ನಂತ್ರಿ."

ಆ ಮಾತಿಗೆ ನನ್ನ ಹೆಂಡತಿ ಎದ್ದುನಿಂತಳು. ಸೆರಗು ಸಿಕ್ಕಿಸಿದಳು. "ನಾಳೆಯಿಂದ ನಾನು ಮೇಲೆ ಬರ್ತೀನಿ. ಇವರು ಕೆಳಗೇ ಇರಲಿ. ಇವರ ಗಂಟಲು ಅಲ್ಲಿಗೆ ಮುಟ್ಟಲ್ಲ."

ಚಿತ್ರಗಳನ್ನು ಹಿಂದುಮುಂದು ಕಲಸಿ ಹುಡುಗಿ ಇಬ್ಬರಿಗೂ ಬೇರೆ ಬೇರೆ ಕೊಟ್ಟಳು. ಊಟದಲ್ಲಿ ಪ್ರಾಣಿಗಳ ಸುದ್ದಿ ಎತ್ತಕೂಡದೆಂದು ಗೈಡ್ ಹೇಳಿದ್ದಾರೆ ಎಂದಳು. ಮರುದಿನದಿಂದ ತಿಂಡಿ ಮುಗಿಯುತ್ತಲೇ ನನ್ನ ಹೆಂಡತಿ ಕನ್ನಡಕ, ನೀರಿನ ಬಾಟಲಿ, ಒಂದು ದಿಂಬು ತೆಗೆದುಕೊಂಡು ನನ್ನ ಕಡೆ ತಿರುಗಿಯೂ ನೋಡದೆ ಮಹಡಿ ಹತ್ತುವಳು. ಸಂಜೆ ಇಳಿಯುವಳು. ಇಳಿದ ಮೇಲೂ ನಮ್ಮಲ್ಲಿ ಮಾತು ಕಡಿಮೆ. ಇಡೀ ದಿನ ಮನಸ್ಸಿನಲ್ಲಿ ಇದ್ದದ್ದು ಜಿಂಕೆ, ಹಂದಿ. ಅದನ್ನು ಆಡುವಂತಿಲ್ಲ. ಬೇರೆ ವಿಷಯವೆಂದರೆ ಏನಿದೆ ಎಂದು ಇಬ್ಬರೂ ತಟ್ಟೆ ನೋಡಿಕೊಂಡು ಯೋಚಿಸುತ್ತಿದ್ದೆವು.

"ಇದು ಯಾವ ಸೊಪ್ಪು?" ಎಂದೆ ಒಮ್ಮೆ.

"ನೀವೇ ನೋಡಿ ಹೇಳಿ. ನಾನು ಹೇಳಿಕೊಡಲ್ಲ," ಎಂದಳು. ಅಭ್ಯಾಸ ಅಷ್ಟು ಬೇಗ ಮೈಗೂಡಿತ್ತು.

ಎದುರು ಮನೆಯವರು ಇದನ್ನೆಲ್ಲ ತಮ್ಮ ಹಳೆಯ ಡಿಪೋ ದೃಷ್ಟಿಯಿಂದ ಗಮನಿಸುತ್ತಿದ್ದರು. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹಾಲಿನಲ್ಲಿ ಕುಳಿತರು. ಕಾಫಿ ಬೇಡವೆಂದರು. ಅವರು ಕಾಫಿ ಬೇಡವೆಂದದ್ದು ಅದೇ ಮೊದಲು.

"ಸಾರ್, ನಾನು ನಿಮ್ಮ ತಮ್ಮ ಇದ್ದಂಗೆ. ತಪ್ಪು ತಿಳ್ಕೋಬೇಡಿ. ಮೇಡಂ ದಿಂಬು ತಗೊಂಡು ಮೇಲೆ ಹೋಗ್ತಾ ಇದಾರೆ, ದಿನಾ ನೋಡ್ತಾ ಇದೀನಿ."

"ಹೌದು."

"ಸಂಜೆ ಬರ್ತಾರೆ, ಆದ್ರೆ ಮಾತಿಲ್ಲ."

"ಮಾತಾಡಬಾರದು ಅಂತ ಇದೆ."

"ಯಾರು ಸಾರ್ ಹೇಳಿದ್ದು?"

"ಆ ಹುಡುಗಿಯ ಗೈಡು."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಈ ವಯಸ್ಸಲ್ಲಿ ಗೈಡ್ ಮಾತೆಲ್ಲ ಯಾಕೆ ಕೇಳ್ತೀರಾ ಸಾರ್. ನಾನು ಮೇಡಂ ಹತ್ರ ಮಾತಾಡ್ಲಾ? ಅಂಥದ್ದೇನಾಯ್ತು?"

"ಆನೆ ಕಾಲನ್ನ ಕಾಟಿ ಅಂದುಬಿಟ್ಟೆ."

"ಅಷ್ಟಕ್ಕೇ?" ಎಂದರು ಅವರು ನಿಜವಾದ ನೋವಿನಿಂದ. ನಾನು ಎಲ್ಲವನ್ನೂ ಮೊದಲಿಂದ ಬಿಡಿಸಿ ಹೇಳಬೇಕಾಯಿತು. ಕೊನೆಗೆ ಕಾಫಿ ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ಹೀಗೆ ಬೇರೆ ಬೇರೆ ಕೂರಿಸುವ ಸಂಶೋಧನೆ ಬೇರೆಯವರಿಗೂ ಸಿಗುತ್ತದೆಯೇ ಎಂದು ವಿಚಾರಿಸಿದರು.

ಒಬ್ಬನೇ ಕುಳಿತು ನೋಡುವುದು ಏನೆಂದು ನನಗೆ ತಿಳಿದದ್ದು ಆಗಲೇ. ಮೊದಲ ಸಲ ನಾನು ಓದಿದರೆ ಸಾಕಿತ್ತು. ಒಳಗಿಂದ "ಹೂಂ" ಬಂದ ಕೂಡಲೇ ಅದು ಸತ್ಯವಾಗುತ್ತಿತ್ತು. ಮದುವೆಯಾದಾಗಿನಿಂದ ನಾನು ಬಹಳಷ್ಟು ವಿಷಯಗಳನ್ನು ನಂಬಿರುವುದು ಆ ಹೂಂಕಾರದ ಬಲದಿಂದ ಎಂದು ಈಗ ಗೊತ್ತಾಯಿತು. ಈಗ ನಾನು "ಕೊಂಡುಕುರಿ" ಎಂದರೆ ಮನೆ ಸುಮ್ಮನಿರುತ್ತಿತ್ತು. ನಾನು ಮುಂಗಾಲನ್ನು ಎರಡನೆಯ ಸಲ ನೋಡುತ್ತಿದ್ದೆ. ಕೆಲವು ಸಲ ಅದು ಕೊಂಡುಕುರಿಯಾಗಿ ಉಳಿಯುತ್ತಿರಲಿಲ್ಲ.

ಇನ್ನೊಂದು ತೊಡಕಿತ್ತು. ಮೊದಲ ಸುತ್ತಿನಲ್ಲಿ 'ಗೊತ್ತಾಗುವುದಿಲ್ಲ' ಎಂಬ ಮನೆಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಹುಡುಗಿ ಅದನ್ನು ಎತ್ತಿ ಆಡಿದ್ದಳು.

"ಕಾಕಾ, ಗೈಡ್ ಕೇಳಿದ್ರು. ಇವ್ರಿಗೆ ಎಲ್ಲಾ ಗೊತ್ತೈತೇನು ಅಂತ."

"ಮದುವೆ ಆದಾಗ್ನಿಂದ ಗೊತ್ತಿದೆ ಅವರಿಗೆ," ಎಂದು ಚಿಗವ್ವ ಉತ್ತರ ಕೊಟ್ಟಿದ್ದಳು.

ಹಾಗೆಂದು ನಾನು ಅಹಂಕಾರಿಯೇನಲ್ಲ. ಅಚ್ಚುಕೂಟದಲ್ಲಿ ಗೊತ್ತಿಲ್ಲವೆಂದರೆ ಎದ್ದು ಹೋಗಿ ನಿಘಂಟು ನೋಡಬೇಕು, ಇಲ್ಲ ಬರೆದವರನ್ನು ಕೇಳಬೇಕು. ಗೊತ್ತಿಲ್ಲ ಎಂದೇ ಅಚ್ಚು ಹಾಕುವ ಪದ್ಧತಿ ಇರಲಿಲ್ಲ. ಹೀಗಿರುವಾಗ ಎರಡನೆಯ ಸುತ್ತಿನಲ್ಲಿ ಒಂದು ಚಿತ್ರ ಬಂತು. ಎಡಗಡೆ ಹುಲ್ಲು, ಬಲಗಡೆ ಹುಲ್ಲು, ನಡುವೆ ಕಂದು ಬಣ್ಣದ ಒಂದು ಪಟ್ಟಿ. ಮೊದಲ ಸಲ ಇದನ್ನು ನಾನು ಕಡವೆ ಎಂದು ಓದಿದ್ದು ಚೆನ್ನಾಗಿ ನೆನಪಿತ್ತು. ಕಡವೆಯ ಪಕ್ಕೆ ಇರಬಹುದು. ಕಾಟಿಯ ಕರುವಿನ ಬೆನ್ನಿರಬಹುದು. ಕಣ್ಣನ್ನು ಕಿರಿದು ಮಾಡಿದೆ, ಕನ್ನಡಕ ತೆಗೆದೆ, ಹಾಕಿದೆ, ಎದ್ದು ಹೋಗಿ ನೀರು ಕುಡಿದು ಬಂದೆ. ನಿಘಂಟಿಗೆ ಇಲ್ಲಿ ಕೆಲಸವಿರಲಿಲ್ಲ. ಬರೆದವರನ್ನು ಕೇಳೋಣವೆಂದರೆ ಅವರು ಹುಲ್ಲಿನಲ್ಲಿದ್ದರು. ಬೆಳಗಿನ ಬಹುಭಾಗ ಆ ಪಟ್ಟಿಯ ಸೇವೆಯಲ್ಲೇ ಕಳೆಯಿತು. ಮೇಲಿನ ಮನೆಯಿಂದ ಕುರ್ಚಿ ಎಳೆದ ಸದ್ದು ಕೇಳಿತು. ಅವಳು ನನಗಿಂತ ಮುಂದಿದ್ದಾಳೆ ಎಂದುಕೊಂಡೆ. ಸಮಯ ಇಲ್ಲವೆಂದುಕೊಂಡೆ. ಕೊನೆಗೆ ಮೌಸಿನ ಬಾಣವನ್ನು ಪ್ರಾಣಿಗಳ ಹೆಸರಿನ ಪಟ್ಟಿಯ ತುದಿಗೆ ಇಳಿಸಿ 'ಗೊತ್ತಾಗುವುದಿಲ್ಲ' ಎಂಬ ಮನೆಯನ್ನು ಒತ್ತಿದೆ. ಆಕಾಶ ಬೀಳಲಿಲ್ಲ. ಮುಂದಿನ ಚಿತ್ರದಲ್ಲಿ ನವಿಲಿತ್ತು.

ಆ ಮೇಲೆ ಆ ಮನೆ ನನಗೆ ರೂಢಿಯಾಯಿತು. ಸ್ವಲ್ಪ ಹೆಚ್ಚಾಗಿಯೇ ರೂಢಿಯಾಯಿತು. ಮುಖ ತೋರಿಸದ ಪ್ರಾಣಿಗೆ ಪರಿಚಯದ ಹಕ್ಕಿಲ್ಲ ಎಂಬ ನಿಲುವಿಗೆ ಬರುತ್ತಿದ್ದೇನೆ ಎಂದು ಅನುಮಾನವಾಗಿ ಕೈ ಬಿಗಿಹಿಡಿದೆ.

ಗೌರಿ ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ಇಬ್ಬರೂ ಮುಗಿಸಿದೆವು. ಅಂದು ಸಂಜೆ ಊಟದ ಮೇಜಿನ ಮೇಲೆ ಹುಡುಗಿ ಲ್ಯಾಪ್‌ಟಾಪ್ ತೆರೆದು ತಾಳೆ ಹಾಕಿದಳು. ವ್ಯತ್ಯಾಸವಾದ ಚಿತ್ರಗಳು ಒಂದೊಂದಾಗಿ ಬಂದವು. ಅವನ್ನು ಅವಳು ಮೂರನೆಯವಳಾಗಿ ನೋಡಿ ತೀರ್ಪು ಹೇಳಬೇಕು. ಬಾಯಿಗೆ ಹಾಕಿದ್ದ ಬೀಗ ಅಂದು ತೆಗೆದದ್ದರಿಂದ ನಾವಿಬ್ಬರೂ ಸೇರಿಸಿಟ್ಟ ಮಾತನ್ನೆಲ್ಲ ಒಟ್ಟಿಗೆ ಆಡಿದೆವು.

"ಇದನ್ನ ಕಾಡುಕುರಿ ಅಂದ್ರಾ? ಕಾಲು ನೋಡಿ, ಕಾಲು! ಗೆರೆ ಹೇಗಿದೆ!"

"ಅದು ಗೆರೆ ಅಲ್ವೇ, ಕಡ್ಡಿ ನೆರಳು."

"ಕೊಂಡುಕುರಿನ ರೀ. ಚಿಗವ್ವಂದು ಬರೋಬ್ಬರಿ," ಎಂದಳು ಹುಡುಗಿ. ನನ್ನ ಹೆಂಡತಿ ಪ್ರಪಂಚವನ್ನು ಗೆದ್ದವರಂತೆ ಹಿಂದಕ್ಕೊರಗಿದಳು. ಮುಂದಿನದರಲ್ಲಿ ಅವಳು ಹಂದಿ ಎಂದದ್ದು ಕರಿಯ ಬಂಡೆಯಾಗಿತ್ತು. ನಾನು ಖಾಲಿ ಎಂದಿದ್ದೆ. ಈಗ ಒರಗುವ ಸರದಿ ನನ್ನದಾಯಿತು. ಅದರ ಮುಂದಿನದಕ್ಕೆ ನಾನು ಕಾಡುಕುರಿಯೆಂದೂ ಅವಳು ಜಿಂಕೆಯ ಮರಿಯೆಂದೂ ಬರೆದಿದ್ದೆವು. ಹುಡುಗಿ ಹತ್ತಿರದಿಂದ ನೋಡಿ ಅದು ದನ ಕಾಯುವವರ ನಾಯಿ ಎಂದಳು. ಕುತ್ತಿಗೆಯಲ್ಲಿ ಹಗ್ಗವೂ ಇತ್ತು. ನಾವಿಬ್ಬರೂ ನೆಟ್ಟಗೆ ಕುಳಿತೆವು.

ಆಮೇಲೆ ಆ ಕಂದು ಪಟ್ಟಿ ಬಂತು. ನನ್ನ ಕಡೆ 'ಗೊತ್ತಾಗುವುದಿಲ್ಲ'. ಹೆಂಡತಿಯ ಕಡೆ 'ಕಾಟಿ, ಕರು, ಒಂದು'.

"ರೀ! ಗೊತ್ತಾಗಲ್ಲ ಅಂತ ಬರೆದಿದೀರಾ?" ಎಂದಳು. ಜ್ವರ ಬಂದವರ ಹಣೆ ಮುಟ್ಟುವ ದನಿ ಅದು.

ಹುಡುಗಿ ಚಿತ್ರವನ್ನು ದೊಡ್ಡದು ಮಾಡಿದಳು. ಚಿಕ್ಕದು ಮಾಡಿದಳು. ಅದೇ ಕ್ಯಾಮೆರಾದ ಬೇರೆ ದಿನದ ಚಿತ್ರ ತೆಗೆದು ಪಕ್ಕದಲ್ಲಿಟ್ಟಳು. ಅದರಲ್ಲೂ ಆ ಪಟ್ಟಿ ಅಲ್ಲೇ ಇತ್ತು, ಹುಲ್ಲು ಮಾತ್ರ ಗಿಡ್ಡವಾಗಿತ್ತು.

"ಗಿಡದ ಬೊಡ್ಡಿ ಐತ್ರಿ ಇದು," ಎಂದಳು.

ಮರದ ಬುಡ. ಹೆಂಡತಿ ನಕ್ಕಳು, ನಾನೂ ನಕ್ಕೆ, ಹುಡುಗಿ ಬಗ್ಗಿ ಮೇಜಿಗೆ ಹಣೆ ಇಟ್ಟು ನಕ್ಕಳು. ಆ ವಾರಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಕ್ಕು ಮುಗಿಸಿ ಅವಳು ಒಂದೊಂದಕ್ಕೂ ತೀರ್ಪು ಕೊಡುತ್ತಾ ಹೋದಳು. ನಡುವೆ ನನ್ನ ಹೆಂಡತಿ ಚಿತ್ರಾನ್ನ ಕಲಸಿ ತಂದಿಟ್ಟಳು. ವ್ಯತ್ಯಾಸಗಳು ಮುಗಿಯುವ ಹೊತ್ತಿಗೆ ಅದೂ ಮುಗಿದಿತ್ತು.

ಮರುದಿನ ಬೆಳಿಗ್ಗೆ ಅವಳು ಆಫೀಸಿಗೆ ಹೊರಟಾಗ ನನ್ನ ಹೆಂಡತಿ ಗೇಟಿನವರೆಗೂ ಹೋಗಿ, ಗೈಡು ಏನಾದರೂ ಅಂದರೆ ತನಗೆ ಫೋನ್ ಕೊಡಬೇಕೆಂದು ಹೇಳಿ ಕಳಿಸಿದಳು. ನಾನು ಪೇಪರ್ ಓದುವವನಂತೆ ಕುಳಿತಿದ್ದೆ. ಒಂದೇ ಪುಟವನ್ನು ಎಷ್ಟು ಸಲ ಓದಿದೆನೋ, ಅದರಲ್ಲಿದ್ದ ಅಚ್ಚಿನ ತಪ್ಪುಗಳೂ ಕಣ್ಣಿಗೆ ಬೀಳಲಿಲ್ಲ. ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುವಾಗ ಫೋನ್ ಬಂತು. ಹೆಂಡತಿ ಸ್ಪೀಕರಿಗೆ ಹಾಕಿದಳು.

"ಚಿಗವ್ವ, ಗೈಡ್ ಎಲ್ಲಾ ನೋಡಿದ್ರು. ನಿಮ್ಮಿಬ್ರದೂ ಭಾಳ ಕಡೆ ಬ್ಯಾರೆ ಬ್ಯಾರೆ ಐತಿ, ಇದು ಇಬ್ರು ನೋಡಿದ್ದು ಖರೇ ಅಂದ್ರು."

ಗೈಡ್ ಕೆಲಸವನ್ನು ಒಪ್ಪಿಕೊಂಡರು. ದಸರಾ ಮುಗಿದ ಮೇಲೆ ಕ್ಯಾಮೆರಾಗಳು ಅವಳ ಜೊತೆ ಕಾಡಿಗೆ ಹೋದವು.